ಮಸಲ್ ಶೋಲ್ಸ್ ಸೌಂಡು: ಆ ಕೋಣೆಯೊಳಗೆ ನಿಜಕ್ಕೂ ಏನು ನಡೀತಿತ್ತು?

ಕಿರುದನಿ

ಅಲಬಾಮಾದ ಮಸಲ್ ಶೋಲ್ಸ್ ಬಗ್ಗೆ ಎಲ್ಲಿ ಓದಿದರೂ ಒಂದೇ ಪಲ್ಲವಿ. ಟೆನೆಸಿ ನದಿ ಹಾಡುತ್ತೆ, ಆ ನೀರಲ್ಲೇ ಏನೋ ಇದೆ, ಹಳ್ಳಿ ಹುಡುಗರು ಮಾಯ ಮಾಡಿಬಿಟ್ಟರು. ನದಿ ಕಥೆ ಸಾಕು. ಇಲ್ಲಿ ಸ್ಟುಡಿಯೋ ಕೆಲಸ ಗೊತ್ತಿರೋರು ಇದ್ದೀರಿ, ಅದಕ್ಕೇ ಕೇಳ್ತಿದ್ದೀನಿ. ನಾಲ್ಕು ಜನ ಒಂದೇ ಕೋಣೆಯಲ್ಲಿ ಕೂತು, ನಾಲ್ಕೋ ಎಂಟೋ ಟ್ರ್ಯಾಕಿನ ಮಿಷನ್ನಿಗೆ ಒಂದು ಹಾಡನ್ನ ಒಂದೇ ಸೆಷನ್ನಲ್ಲಿ ಮುಗಿಸ್ತಿದ್ದಿದ್ದು ಹೇಗೆ? ಬರೆದಿಟ್ಟ ನೊಟೇಶನ್ ಇತ್ತಾ? ಮೈಕ್ ಎಷ್ಟು, ಎಲ್ಲೆಲ್ಲಿ? ತಪ್ಪಾದರೆ ಏನ್ ಮಾಡ್ತಿದ್ರು? ಅರೀಥಾ ಫ್ರಾಂಕ್ಲಿನ್ ಹಾಡಿದ್ದು, ರೋಲಿಂಗ್ ಸ್ಟೋನ್ಸ್ ಬಂದಿದ್ದು ಎರಡೂ ಆ ಜಾಕ್ಸನ್ ಹೈವೇ ಕಟ್ಟಡದಲ್ಲೇ ತಾನೆ?

ಹಳೇ_ತಟ್ಟೆ

ಕೊನೇ ಪ್ರಶ್ನೆಗೆ ಮೊದಲು ಉತ್ತರ: ಅಲ್ಲ. ಇದು ಎಲ್ಲರೂ ಕಲಸಿಬಿಡುವ ವಿಷಯ, ಆದ್ದರಿಂದ ಬಿಡಿಸಿ ಹೇಳ್ತೀನಿ.

ಮಸಲ್ ಶೋಲ್ಸ್ ಅಂತ ನಾವು ಹೇಳೋದು ನದಿಯ ಆಚೀಚೆ ಒಂದಕ್ಕೊಂದು ಅಂಟಿಕೊಂಡ ನಾಲ್ಕು ಸಣ್ಣ ಊರು: ಫ್ಲಾರೆನ್ಸ್, ಶೆಫೀಲ್ಡ್, ಟಸ್ಕಂಬಿಯಾ, ಮಸಲ್ ಶೋಲ್ಸ್. ಫೇಮ್ ಅನ್ನೋ ಸ್ಟುಡಿಯೋ ಶುರುವಾಗಿದ್ದು 50ರ ದಶಕದ ಕೊನೆಗೆ, ಫ್ಲಾರೆನ್ಸಿನ ಒಂದು ಔಷಧಿ ಅಂಗಡಿಯ ಮಹಡಿ ಮೇಲೆ. ಟಾಮ್ ಸ್ಟಾಫರ್ಡ್, ರಿಕ್ ಹಾಲ್, ಬಿಲ್ಲಿ ಶೆರಿಲ್ ಮೂವರ ಪಾಲುದಾರಿಕೆ. ಅದು ಮುರಿದು ಹೆಸರು ರಿಕ್ ಹಾಲ್ ಪಾಲಿಗೆ ಉಳಿಯಿತು. ಆತ ಹಳೇ ತಂಬಾಕು ಗೋದಾಮಿನಲ್ಲಿ ಆರ್ಥರ್ ಅಲೆಕ್ಸಾಂಡರ್ ಹಾಡನ್ನ 1961ರಲ್ಲಿ ರೆಕಾರ್ಡ್ ಮಾಡಿದ. ಅದು ಗೆದ್ದಾಗ ಬಂದ ದುಡ್ಡಿನಲ್ಲಿ ಈಸ್ಟ್ ಅವಲಾನ್ ಅವೆನ್ಯೂ 603ರಲ್ಲಿ ಈಗಿರುವ ಕಟ್ಟಡ ಎದ್ದಿತು. ವಿಲ್ಸನ್ ಪಿಕೆಟ್, ಎಟ್ಟಾ ಜೇಮ್ಸ್, ಕ್ಲಾರೆನ್ಸ್ ಕಾರ್ಟರ್, 1967ರ ಜನವರಿಯಲ್ಲಿ ಅರೀಥಾ, ಎಲ್ಲರೂ ಹಾಡಿದ್ದು ಅಲ್ಲಿ.

ಜಾಕ್ಸನ್ ಹೈವೇ 3614 ಬೇರೆಯೇ ಕಂಪನಿ, ಬೇರೆ ಊರು (ಶೆಫೀಲ್ಡ್). ಫೇಮ್‌ನಲ್ಲಿ ನುಡಿಸುತ್ತಿದ್ದ ನಾಲ್ವರು, ಜಿಮ್ಮಿ ಜಾನ್ಸನ್ (ಗಿಟಾರ್), ರಾಜರ್ ಹಾಕಿನ್ಸ್ (ಡ್ರಮ್ಸ್), ಡೇವಿಡ್ ಹುಡ್ (ಬೇಸ್), ಬ್ಯಾರಿ ಬೆಕೆಟ್ (ಕೀಬೋರ್ಡ್), 1969ರಲ್ಲಿ ಹೊರಬಂದು ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೋ ಕಟ್ಟಿದರು. ಬೆನ್ನಿಗೆ ನಿಂತಿದ್ದು ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ನಿರ್ಮಾಪಕ ಜೆರಿ ವೆಕ್ಸ್ಲರ್. ಗಾಯಕಿ ಶೆರ್ ಮೊದಲ ಗಿರಾಕಿ. ಆಕೆ ವಿಳಾಸವನ್ನೇ ಆಲ್ಬಮ್ಮಿನ ಹೆಸರಾಗಿ ಇಟ್ಟಳು. ಸ್ಟೋನ್ಸ್ ಬಂದಿದ್ದು ಅಲ್ಲಿಗೆ, ಅದೇ ವರ್ಷ ಡಿಸೆಂಬರ್ 2ರಿಂದ 4, ಮೂರು ದಿನ, ಮೂರು ಹಾಡು. ಅವರ ಹತ್ತಿರ ಅಮೆರಿಕದಲ್ಲಿ ಪ್ರವಾಸದ ಕಛೇರಿಗಳಿಗೆ ಮಾತ್ರ ಅನುಮತಿ ಇತ್ತು, ರೆಕಾರ್ಡಿಂಗಿಗೆ ಇರಲಿಲ್ಲ. ಹಾಗಾಗಿ ಸುದ್ದಿ ಹೊರಗೆ ಬಿಡಲಿಲ್ಲ.

‘ಸ್ವಾಂಪರ್ಸ್’ ಅನ್ನೋ ಅಡ್ಡಹೆಸರು ಈ ನಾಲ್ವರದ್ದು. ಅವರಿಗಿಂತ ಮೊದಲು ಫೇಮ್‌ನಲ್ಲಿ ಇನ್ನೊಂದು ತಂಡ ಇತ್ತು: ನಾರ್ಬರ್ಟ್ ಪುಟ್ನಮ್, ಡೇವಿಡ್ ಬ್ರಿಗ್ಸ್, ಜೆರಿ ಕ್ಯಾರಿಗನ್. ಆ ಮೂವರೂ ಸಂಬಳ ಸಾಲದೆ ನ್ಯಾಶ್‌ವಿಲ್ ಸೇರಿದರು. ಸ್ವಾಂಪರ್ಸ್ ಹೋದಮೇಲೆ ಮೂರನೇ ತಂಡ ಬಂತು. ಅಂದರೆ ಹತ್ತು ವರ್ಷದೊಳಗೆ ಒಂದೇ ಕೋಣೆಯಲ್ಲಿ ಮೂರು ತಂಡ.

ಹುಬ್ಳಿ_ಬೇಸ್

ನೊಟೇಶನ್ ಬಗ್ಗೆ ನಾ ಹೇಳ್ತೀನ್ರಿ. ಪೂರ್ತಿ ಬರದಿಟ್ಟ ಸ್ವರಲಿಪಿ ಇರಂಗಿಲ್ಲ. ಡೆಮೊ ಟೇಪ್ ಒಂದೆರಡ ಸಲ ಕೇಳ್ತಾರ, ಇಲ್ಲಾಂದ್ರ ಹಾಡು ಬರದಾವ್ನ ಬಂದು ಪಿಯಾನೋ ಮುಂದ ಕುಂತು ಹಾಡಿ ತೋರಸ್ತಾನ. ಕೇಳಕೋತನ ಪೆನ್ಸಿಲ್‌ನ್ಯಾಗ ಒಂದು ಹಾಳಿ ಮ್ಯಾಲ ಕಾರ್ಡ್ ಬರಕೋತಾರ. ನ್ಯಾಶ್‌ವಿಲ್ ಕಡೆ ಹುಟ್ಟಿದ್ದು ನಂಬರ್ ಪದ್ಧತಿ, 50ರ ದಶಕದ ಕೊನೀಗೆ ನೀಲ್ ಮ್ಯಾಥ್ಯೂಸ್ ಶುರು ಮಾಡಿದ್ದು. ಆಮ್ಯಾಲೆ ಆ ಸೀಮಿ ಸ್ಟುಡಿಯೋದಾಗೆಲ್ಲಾ ರೂಢಿ ಆತು.

ಹೆಂಗಂದ್ರ, ಷಡ್ಜಕ್ಕ 1. ಮಧ್ಯಮಕ್ಕ 4. ಪಂಚಮಕ್ಕ 5. ಮೈನರ್ ಇದ್ರ ಪಕ್ಕದಾಗ ಒಂದು ಸಣ್ಣ ಗೆರಿ, 6- ಅಂತ. ಒಂದು ಅಂಕಿ ಅಂದ್ರ ಒಂದು ಬಾರ್, ನಾಕು ಪೆಟ್ಟು. ಒಂದ ಬಾರ್‌ನ್ಯಾಗ ಎರಡು ಕಾರ್ಡ್ ಇದ್ರ ಎರಡೂ ಅಂಕಿ ಕೆಳಗ ಅಡ್ಡಗೆರಿ ಎಳೀತಾರ. ಅಂಕಿ ಸುತ್ತ ವಜ್ರದ ಆಕಾರ ಇದ್ರ ಹೊಡದು ಬಿಟ್ಟು ಪೂರ್ತಿ ಬಾರ್ ಗುಂಯ್ ಅನ್ನಿಸಬೇಕು. ಮ್ಯಾಲ ಸಣ್ಣ ಬಾಣ ಇದ್ರ ಪೆಟ್ಟಿಗಿಂತ ಅರ್ಧ ಮುಂಚೆ ಎತ್ತಬೇಕು, ನಮ್ಮ ಅತೀತ ಎಡುಪು ಇದ್ದಂಗ. ಒಂದು ಪದ್ಯ ಹಿಂಗ ಕಾಣ್ತದ:

1 1 4 1
6- 4 1 5

ಜಿ ಶ್ರುತಿಗೆ ಇದು ಜಿ, ಸಿ, ಇ ಮೈನರ್, ಡಿ. ಹಾಡಾಕಿ ಬಂದು "ನಂಗ ಮ್ಯಾಲ ಆಗ್ತದ, ಎರಡು ಮನಿ ಇಳಸ್ರಿ" ಅಂದ್ಲು ಅಂದ್ರ ಹಾಳಿ ಬದ್ಲಿ ಮಾಡೂದೇನೂ ಇಲ್ಲ, 1 ಅಂದ್ರ ಎಫ್ ಅಂತ ಎಲ್ಲಾರೂ ಮನಸಿನ್ಯಾಗ ತಿರಗಿಸಿದ್ರ ಮುಗೀತು. ಹತ್ತು ಸೆಕೆಂಡಿನ ಕೆಲಸ. ಇದರಾಗ ಒಂದ ಅಪಾಯ ಐತ್ರಿ: ನಡುವ ಶ್ರುತಿ ಏರಸೂ ಹಾಡಿನ್ಯಾಗ "ಈಗಿಂದ ಹೊಸ 1" ಅಂತ ದೊಡ್ಡದಾಗಿ ಬರೀಲಿಲ್ಲಂದ್ರ ಒಬ್ಬಾಂವ ಹಳೇ ಊರಾಗ, ಉಳದಾರು ಹೊಸ ಊರಾಗ ಇರ್ತಾರ.

ಹಾಳಿ ಮ್ಯಾಲ ಇರೂದು ಇಷ್ಟ. ಬೇಸ್ ಏನ್ ನುಡಸಬೇಕು, ಗಿಟಾರ್ ಎಲ್ಲಿ ಸುಮ್ನಿರಬೇಕು, ಶುರುವಿನ ನಾಕು ಬಾರ್ ಏನು, ಇದೆಲ್ಲಾ ನುಡಿಸ್ಕೋತನ ಕಟ್ಟೂದು. ಅದಕ್ಕ ‘ಹೆಡ್ ಅರೇಂಜ್‌ಮೆಂಟ್’ ಅಂತಾರ. ಟೈಮ್ ಹೋಗೂದು ಅಲ್ಲಿ. ರೀಲ್ ತಿರಗೂದು ಭಾಳ ಆದ್ರ ಅರ್ಧಾ ತಾಸು.

ಕಿರುದನಿ

ಅಣ್ಣಾ ಬಹಳ ಚೆನ್ನಾಗಿ ಬಿಡಿಸಿ ಹೇಳಿದ್ರಿ. ಆದರೆ ಎಲ್ಲರೂ ಒಟ್ಟಿಗೆ ಕಟ್ಟೋಕೆ ಕೂತರೆ ಗಲಾಟೆ ಆಗಲ್ವಾ? ಕೊನೇ ಮಾತು ಯಾರದ್ದು?

ಹಳೇ_ತಟ್ಟೆ

ಫೇಮ್‌ನಲ್ಲಿ ಕೊನೇ ಮಾತು ರಿಕ್ ಹಾಲ್‌ದು, ಸಂಶಯ ಬೇಡ. ಸರಿ ಅನಿಸೋತನಕ ಟೇಕ್ ಮೇಲೆ ಟೇಕ್ ತೆಗೆಸ್ತಿದ್ದ. ಜಾಕ್ಸನ್ ಹೈವೇಯಲ್ಲಿ ನುಡಿಸುವವರೇ ಯಜಮಾನರು, ಜಾನ್ಸನ್ ಗಿಟಾರ್ ಕೆಳಗಿಟ್ಟು ಒಳಗೆ ಹೋಗಿ ಇಂಜಿನಿಯರ್ ಆಗ್ತಿದ್ದ. ಸ್ಟೋನ್ಸ್ ಸೆಷನ್ನಿಗೂ ಅವನೇ ಇಂಜಿನಿಯರ್, ಅವರ ಮಾಮೂಲಿ ನಿರ್ಮಾಪಕ ಬಂದಿರಲಿಲ್ಲ.

ಆದರೆ ಹಾಡು ‘ಸಿಕ್ಕಿದ’ ಕ್ಷಣ ಬಹಳ ಸಲ ಒಬ್ಬ ನುಡಿಸುವವನಿಂದ ಬಂದಿದೆ. ಅರೀಥಾ ಫೇಮ್‌ನಲ್ಲಿ ಮುಗಿಸಿದ ಒಂದೇ ಹಾಡನ್ನ ತಗೊಳ್ಳಿ. ಎಲ್ಲರೂ ಕೂತಿದ್ದಾರೆ, ಲಯ ಹಿಡಿತಕ್ಕೆ ಬರ್ತಿಲ್ಲ. ಸ್ಪೂನರ್ ಓಲ್ಡಮ್ ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೋ ಮೇಲೆ ಒಂದು ತುಣುಕು ನುಡಿಸಿದ, ಉಳಿದವರು ಅದರ ಹಿಂದೆ ಬಿದ್ದರು. ಹಾಡಿನ ಮೊದಲ ಸೆಕೆಂಡಿನಲ್ಲಿ ನೀವು ಕೇಳೋದೇ ಆ ತುಣುಕು. ಅದೇ ರಾತ್ರಿ ಜಗಳ ಆಗಿ ಸೆಷನ್ ಮುರಿದುಬಿತ್ತು, ಎರಡನೇ ಹಾಡು ಅರ್ಧಕ್ಕೆ ನಿಂತಿತು. ವೆಕ್ಸ್ಲರ್ ಇದೇ ಹುಡುಗರನ್ನ ನ್ಯೂಯಾರ್ಕಿಗೆ ಕರೆಸಿ ಉಳಿದದ್ದನ್ನ ಮುಗಿಸಿದ. 1967ರ ‘ರೆಸ್ಪೆಕ್ಟ್’ ಕೂಡ ನ್ಯೂಯಾರ್ಕಿನ ಅಟ್ಲಾಂಟಿಕ್ ಸ್ಟುಡಿಯೋದಲ್ಲಿ ಆಗಿದ್ದು. ಡ್ರಮ್ಸ್ ಹಾಕಿನ್ಸ್, ಗಿಟಾರ್ ಜಾನ್ಸನ್. ಬೇಸ್ ಮಾತ್ರ ಮೆಂಫಿಸ್‌ನ ಟಾಮಿ ಕಾಗ್‌ಬಿಲ್.

ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದರೆ, ‘ಶೋಲ್ಸ್ ಸೌಂಡ್’ ಅಂತ ಜನ ಉದಾಹರಿಸೋ ಹಾಡು ಶೋಲ್ಸ್‌ನಲ್ಲಿ ಆಗೇ ಇಲ್ಲ. ಮುಖ್ಯ ಕೋಣೆ ಅಲ್ಲ, ಜನ. ನೀರಿನ ಕಥೆ ಪ್ರವಾಸಿಗರಿಗೆ.

ರೀಲ್_ರಾಯರು

ಮೈಕ್ ವಿಷಯಕ್ಕೆ ಬರುತ್ತೇನೆ. ಆ ಸ್ಟುಡಿಯೋಗಳ ನಿರ್ದಿಷ್ಟ ಮೈಕ್ ಮಾದರಿಗಳ ಪಟ್ಟಿ ಇಟ್ಟುಕೊಂಡು ಪ್ರಯೋಜನವಿಲ್ಲ. ಆ ಕಾಲದ ನಾಲ್ಕು ಟ್ರ್ಯಾಕ್ ಕೆಲಸದ ಸಾಮಾನ್ಯ ಕ್ರಮ ತಿಳಿದರೆ ಸಾಕು.

ನಾಲ್ಕು ಟ್ರ್ಯಾಕಿನ ಹಂಚಿಕೆ ಸಾಮಾನ್ಯವಾಗಿ ಹೀಗೆ: ಒಂದರಲ್ಲಿ ಡ್ರಮ್ಸ್ ಮತ್ತು ಬೇಸ್ ಕೂಡಿ. ಎರಡರಲ್ಲಿ ಗಿಟಾರ್ ಮತ್ತು ಕೀಬೋರ್ಡ್ ಕೂಡಿ. ಮೂರು ಕಹಳೆಗಳಿಗೆ. ನಾಲ್ಕು ಹಾಡುಗಾರಿಕೆಗೆ. ಇದರ ಪರಿಣಾಮವನ್ನು ಗಮನಿಸಿ. ಡ್ರಮ್ಸ್ ಮತ್ತು ಬೇಸ್ ಒಂದೇ ಟ್ರ್ಯಾಕಿಗೆ ಹೋದಮೇಲೆ ಆ ಎರಡರ ಪ್ರಮಾಣ ಶಾಶ್ವತ. ಮಿಕ್ಸಿಂಗಿನಲ್ಲಿ ಬೇಸ್ ಏರಿಸಲು ಹೋದರೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಕೂಡ ಏರುತ್ತದೆ. ಆದ್ದರಿಂದ ಪ್ರಮಾಣದ ನಿರ್ಧಾರ ಟೇಕ್‌ಗೆ ಮೊದಲೇ ಆಗಬೇಕು. ನುಡಿಸುವವನು ತಾನೇ ತನ್ನ ದನಿಯನ್ನು ಏರಿಸಿ ಇಳಿಸಿ ಸರಿಮಾಡಬೇಕು. ಈಗಿನಂತೆ "ಆಮೇಲೆ ನೋಡೋಣ" ಎನ್ನುವ ಸವಲತ್ತಿಲ್ಲ. ನನ್ನ ಮಟ್ಟಿಗೆ ಆ ಧ್ವನಿಮುದ್ರಣಗಳ ಬಿಗಿಗೆ ಮುಖ್ಯ ಕಾರಣ ಇದೇ.

ಬ್ಲೀಡ್: ಎಲ್ಲರೂ ಒಂದೇ ಕೋಣೆಯಲ್ಲಿದ್ದರೆ ಡ್ರಮ್ಸ್ ಸದ್ದು ಪಿಯಾನೋ ಮೈಕಿಗೆ ಬಂದೇ ಬರುತ್ತದೆ. ಅದನ್ನು ಪೂರ್ತಿ ತಡೆಯಲು ಹೋಗಬಾರದು, ಪಳಗಿಸಬೇಕು. ಮೈಕ್ ತನ್ನ ವಾದ್ಯದಿಂದ 1 ಅಡಿ ದೂರವಿದ್ದರೆ ಪಕ್ಕದ ವಾದ್ಯದ ಮೈಕ್ ಕನಿಷ್ಠ 3 ಅಡಿ ದೂರವಿರಲಿ. ಆಗ ಸೋರಿ ಬರುವ ಸದ್ದು ಸುಮಾರು 9–10 ಡೆಸಿಬೆಲ್ ಕೆಳಗಿರುತ್ತದೆ, ತೊಂದರೆ ಕೊಡುವುದಿಲ್ಲ. ಒಂದೇ ಸದ್ದು ಎರಡು ಮೈಕಿಗೆ ಸಮಸಮವಾಗಿ, 3 ಅಡಿ ದಾರಿ ವ್ಯತ್ಯಾಸದಲ್ಲಿ ತಲುಪಿದರೆ 190 ಹರ್ಟ್ಜ್ ಆಸುಪಾಸು ಒಂದನ್ನೊಂದು ಕಡಿದುಹಾಕುತ್ತವೆ. ಸ್ನೇರಿನ ಮೈ, ಬೇಸಿನ ಮೇಲ್ಭಾಗ ಎಲ್ಲ ಅಲ್ಲೇ ಇರುವುದು. "ಒಂದೊಂದಾಗಿ ಕೇಳಿದರೆ ಚೆನ್ನಾಗಿದೆ, ಕೂಡಿಸಿದರೆ ತೆಳ್ಳಗಾಗುತ್ತದೆ" ಎಂಬ ದೂರಿನ ಮೂಲ ಬಹುಪಾಲು ಇದು. ಫೇಡರ್ (ಮಿಕ್ಸರಿನಲ್ಲಿ ದನಿ ಏರಿಸಿ ಇಳಿಸುವ ಹಿಡಿ) ಮುಟ್ಟಬೇಡಿ. ಎದ್ದುಹೋಗಿ ಮೈಕನ್ನು ಅರ್ಧ ಅಡಿ ಸರಿಸಿ.

ಡ್ರಮ್ಸಿಗೆ ಮೂರು ಮೈಕ್ ಧಾರಾಳ: ಕಿಕ್ ಮುಂದೆ ಒಂದು, ಸ್ನೇರ್–ಹೈಹ್ಯಾಟ್ ನಡುವೆ ಒಂದು, ತಲೆಯ ಮೇಲೆ ಒಂದು. ತಲೆಯ ಮೇಲಿನದು ಸ್ನೇರ್ ನಡುವಿನಿಂದ ಎಷ್ಟು ದೂರವೋ ಕಿಕ್ ಪೆಟ್ಟು ಬೀಳುವ ಜಾಗದಿಂದಲೂ ಅಷ್ಟೇ ದೂರವಿರಲಿ. ಒಂದು ದಾರದಿಂದ ಅಳೆಯಿರಿ.

ತೆಂಕುತಿಟ್ಟು_ಡ್ರಮ್ಮರ್

ರಾಯರು ಹೇಳಿದ್ದಕ್ಕೆ ನುಡಿಸುವವರ ಕಡೆಯಿಂದ ಒಂದು ಮಾತು ಸೇರಿಸಬೇಕು ಮಾರಾಯ್ರೆ. ಬ್ಲೀಡ್ ಕಡಿಮೆ ಮಾಡುವ ಅತ್ಯಂತ ಅಗ್ಗದ ಉಪಾಯ ಮೆಲ್ಲ ಬಾರಿಸುವುದು. ಜೋರು ಹೊಡೆದಷ್ಟೂ ಸಿಂಬಲ್ ಸದ್ದು ಕೋಣೆ ತುಂಬ ಹರಡ್ತದೆ, ಎಲ್ಲರ ಮೈಕಿಗೂ ನುಗ್ತದೆ. ಮೆಲ್ಲ ಬಾರಿಸಿದರೆ ಇಂಜಿನಿಯರ್ ಗೇನ್ ಏರಿಸ್ಲಿಕ್ಕೆ ಆಗ್ತದೆ, ಆಗ ಚರ್ಮದ ಮೈ ಕೇಳ್ತದೆ, ಟೇಪಿನಲ್ಲಿ ಡ್ರಮ್ ದೊಡ್ಡದಾಗಿ ಕೂರ್ತದೆ. ಸ್ಟೇಜಿನಿಂದ ನೇರ ಸ್ಟುಡಿಯೋಗೆ ಬಂದವರಿಗೆ ಇದು ತಲೆಗೆ ಹೋಗುವುದೇ ಇಲ್ಲ.

ಸಿಂಬಲ್ ಮೆಲ್ಲ, ಸ್ನೇರ್ ಗಟ್ಟಿ, ಕಿಕ್ ಒಂದೇ ಸಮ. ನೀವೇ ನಿಮ್ಮ ಮಿಕ್ಸರ್ ಆಗಿರಬೇಕು. ಸ್ನೇರ್ ಗುಂಯ್‌ಗುಟ್ಟಿದರೆ ಅಂಚಿನ ಹತ್ತಿರ ಮಡಚಿದ ಬಟ್ಟೆ ತುಂಡು ಅಥವಾ ಹಣದ ಪರ್ಸು ಇಡಿ, ಟೇಪು ಅಂಟಿಸಿ. ನಡುವಿಗೆ ಇಟ್ಟರೆ ಸತ್ತೇ ಹೋಗ್ತದೆ. ಕಿಕ್ ಒಳಗೆ ಕಂಬಳಿ ಹಾಕುವುದಾದರೆ ಬಾರಿಸುವ ಕಡೆಯ ಚರ್ಮಕ್ಕೆ ಬರೇ ತಾಗುವಷ್ಟು ಸಾಕು. ಪೂರ್ತಿ ತುಂಬಿಸಿದರೆ ರಟ್ಟಿನ ಪೆಟ್ಟಿಗೆಗೆ ಹೊಡೆದ ಹಾಗೆ ಕೇಳ್ತದೆ.

ಸ್ಟೇಪಲ್ ಸಿಂಗರ್ಸ್‌ನ 1972ರ ‘ಐ’ಲ್ ಟೇಕ್ ಯು ದೇರ್’ ಹಾಕಿ ಹಾಕಿನ್ಸ್‌ನ ಕೈ ಕೇಳಿ. ಎಷ್ಟು ಕಡಿಮೆ ಬಾರಿಸಿದ್ದಾನೆ! ಖಾಲಿ ಬಿಟ್ಟ ಜಾಗದಲ್ಲಿ ಹುಡ್‌ನ ಬೇಸ್ ನಡೀತದೆ. ಹಾಡಿನ ನಡುವೆ ಮೇವಿಸ್ ಸ್ಟೇಪಲ್ಸ್ ಅವನ ಹೆಸರು ಹಿಡಿದು ಕರೆಯುವುದೂ ಉಂಟು. ಪಾಲ್ ಸೈಮನ್ ಇದನ್ನು ಕೇಳಿ ಆ ಕಪ್ಪು ವಾದ್ಯಗಾರರು ಬೇಕು ಅಂತ ವಿಚಾರಿಸಿದನಂತೆ. ನುಡಿಸಿದವರು ಅಲಬಾಮಾದ ಬಿಳಿ ಹುಡುಗರು ಅಂತ ಉತ್ತರ ಬಂತು. 1973ರ ಅವನ ಆಲ್ಬಮ್ಮಿನ ಹಲವು ಹಾಡು ಅಲ್ಲೇ ಆದದ್ದು.

ಹುಬ್ಳಿ_ಬೇಸ್

ಬೇಸ್ ಕಡಿಂದ ಎರಡ ಮಾತು. ಸಣ್ಣ ಆಂಪ್, ವಾಲ್ಯೂಮ್ ಕಮ್ಮಿ, ಅದರ ಜೋಡಿ ನೇರ ಲೈನ್. ಎರಡೂ ಕೂಡಿಸೂ ಮುಂದ ಒಂದರ ಫೇಸ್ (ಅಲಿಯ ಏರಿಳಿತದ ದಿಕ್ಕು) ತಿರುವಿ ನೋಡ್ರಿ. ಯಾವ ಕಡೆ ತಳ ತುಂಬಿ ಬರ್ತದೋ ಅದನ್ನ ಇಟ್ಕೋರಿ. ಹಳೇ ಸೋಲ್ ಸೌಂಡ್ ಬೇಕಂದ್ರ ಫ್ಲಾಟ್‌ವೂಂಡ್ ತಂತಿ ಹಾಕಿ, ಬ್ರಿಜ್ ಹತ್ರ ತಂತಿ ಕೆಳಗ ಒಂದ ತುಂಡು ಸ್ಪಂಜ್ ಇಡ್ರಿ. ಸ್ಪಂಜ್ ತಂತಿಗೆ ಒತ್ತಿ ಕುಂತ್ರ ಶ್ರುತಿ ಏರ್ತದ, ಬರೇ ಮುಟ್ಟಬೇಕು. ಇಟ್ಟ ಮ್ಯಾಲ ಶ್ರುತಿ ಮತ್ತೊಮ್ಮಿ ನೋಡ್ರಿ. ತಂತಿ ಬದ್ಲಿ ಮಾಡೂದು ಕಡದಾಗ ಅಷ್ಟ, ಹೊಸಾ ತಂತಿ ಟಣ್‌ಟಣ್ ಅಂತಾವ.

ಮತ್ತ, ಹೆಡ್‌ಫೋನ್ ಬಿಟ್ಟು ನುಡಸೂ ಹಂಗಿದ್ರ ಡ್ರಮ್ಮರ್‌ನ ಕಿಕ್ ಕಾಲು ಕಾಣೂ ಹಂಗ ಕುಂದರ್ರಿ. ಹತ್ತ ಅಡಿ ದೂರಿದ್ರ ಸದ್ದು ನಿಮ್ಮ ಕಿವಿಗೆ ಬರೂದ 9 ಮಿಲಿಸೆಕೆಂಡ್ ತಡ. ಕಣ್ಣಿಗೆ ಆ ತಡ ಇಲ್ಲ.

ಊದುಕೊಳವೆ

ಕಹಳೆಯವರ ಬಗ್ಗೆ ಯಾರೂ ಮಾತಾಡ್ತಿಲ್ಲ, ಇದು ಹಳೇ ರೋಗ 😀

ಸಾಮಾನ್ಯವಾಗಿ ರಿದಮ್ ಸಿದ್ಧವಾದಮೇಲೆ ಕಹಳೆ ಸೇರಿಸ್ತಾರೆ. ಮೂರು ನಾಲ್ಕು ಜನ ಒಂದೇ ಮೈಕಿನ ಸುತ್ತ ಅರ್ಧಚಂದ್ರಾಕಾರದಲ್ಲಿ ನಿಲ್ಲೋದು, ಟ್ರಂಪೆಟ್ ಒಂದೆರಡು ಹೆಜ್ಜೆ ಹಿಂದೆ, ಟೆನರ್ ಸ್ಯಾಕ್ಸ್ ಹತ್ತಿರ. ಪ್ರಮಾಣ ಸರಿಮಾಡೋದು ಫೇಡರಿನಿಂದಲ್ಲ, ಹೆಜ್ಜೆಯಿಂದ. ಬಾಯಿಂದ ಹಾಡಿ ತೋರಿಸಿದ ಸಾಲನ್ನ ಅಲ್ಲೇ ಮೂರು ಸ್ವರಕ್ಕೆ ಒಡೆದು ಹಂಚಿಕೊಳ್ತಾರೆ.

ಇಲ್ಲಿ ಕೈಕೊಡೋದು ಶ್ರುತಿ. ಊದುವ ವಾದ್ಯದ ಶ್ರುತಿ ಒಳಗಿನ ಗಾಳಿಯ ಬಿಸಿ ಮೇಲೆ ನಿಂತಿದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್ (ಸೆಂಟ್ ಅಂದರೆ ಒಂದು ಮನೆಯ ನೂರನೇ ಒಂದು ಪಾಲು). ಏಸಿ ಹಾಕಿದ ಕೋಣೆಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂತು ಎದ್ದು ಊದಿದರೆ ಖಂಡಿತ ಇಳಿದಿರುತ್ತೆ. ಅದರ ಮೇಲೆ ಹಿಂದಿನ ದಿನ ರೆಕಾರ್ಡ್ ಮಾಡಿದ ಪಿಯಾನೋ, ಟೇಪಿನ ವೇಗದ ಸಣ್ಣ ಏರಿಳಿತ. ಎಲ್ಲ ಸೇರಿದರೆ ಕಿವಿಗೆ ಚುಚ್ಚುತ್ತೆ. ಆದ್ದರಿಂದ ಟ್ಯೂನರ್ ಬದಿಗಿಟ್ಟು ಟೇಪನ್ನೇ ಓಡಿಸಿ ಅದಕ್ಕೆ ಶ್ರುತಿ ಸೇರಿಸಿ.

ಪರ್ಸಿ ಸ್ಲೆಡ್ಜ್‌ನ 1966ರ ದೊಡ್ಡ ಹಾಡು, ಶೆಫೀಲ್ಡಿನಲ್ಲಿ ಕ್ವಿನ್ ಐವಿಯ ನೊರಾಲಾ ಸ್ಟುಡಿಯೋದಲ್ಲಿ ಆಗಿದ್ದು. ಅದರ ಕೊನೆಯಲ್ಲಿ ಬರೋ ಕಹಳೆಗಳನ್ನ ಗಮನವಿಟ್ಟು ಕೇಳಿ, ಶ್ರುತಿ ಬಿಟ್ಟಿವೆ. ವೆಕ್ಸ್ಲರ್ ತಿದ್ದಿಸಿ ಕಳಿಸಿ ಅಂದ, ತಿದ್ದಿಯೂ ಆಯ್ತು, ಆದರೆ ಅಚ್ಚಿಗೆ ಹೋಗಿದ್ದು ಹಳೇ ಟೇಪೇ ಅಂತ ಆ ಕಡೆಯವರು ಹೇಳ್ತಾರೆ. ಹಾಡು ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. ಶ್ರುತಿ ಬಿಡಬಹುದು ಅಂತ ಇದರ ಅರ್ಥ ಅಲ್ಲ, ಮುಂದೆ ಪರ್ಸಿ ಸ್ಲೆಡ್ಜ್ ಹಾಡ್ತಿದ್ದರೆ ಮಾತ್ರ ಆ ರಿಯಾಯಿತಿ.

ಕಿರುದನಿ

ತಪ್ಪಾದರೆ ಏನು ಮಾಡ್ತಿದ್ದರು ಅನ್ನೋದು ಉಳಿದಿದೆ. ಪಂಚ್ ಇನ್ (ತಪ್ಪಿದ ಜಾಗಕ್ಕೆ ಮಾತ್ರ ಮೇಲೆ ಹೊಸದಾಗಿ ರೆಕಾರ್ಡ್ ಮಾಡೋದು) ಇತ್ತಾ, ಅಥವಾ ಟೇಪ್ ಕತ್ತರಿಸೋದೇ?

ರೀಲ್_ರಾಯರು

ಎರಡೂ. ಆದರೆ ಇಡೀ ತಂಡದ ಟೇಕ್ ಇದ್ದಾಗ ಕತ್ತರಿಸುವುದೇ ಸಲೀಸು: ಒಂದನೇ ಟೇಕಿನ ಪದ್ಯ, ಮೂರನೇ ಟೇಕಿನ ಪಲ್ಲವಿ. ಅದಕ್ಕೆ ಎರಡೂ ಟೇಕಿನ ವೇಗ ಒಂದೇ ಆಗಿರಬೇಕು. ಕ್ಲಿಕ್ ಟ್ರ್ಯಾಕ್ (ಲಯಕ್ಕಾಗಿ ಕಿವಿಗೆ ಕೊಡುವ ಟಿಕ್‌ಟಿಕ್ ಸದ್ದು) ಇಲ್ಲದೆ ಆ ಸಮವೇಗ ಬರುವುದು ದಿನಾ ಕೂಡಿ ನುಡಿಸುವವರಿಗೆ ಮಾತ್ರ.

ಕ್ರಮ ಹೀಗೆ. ಸೆಕೆಂಡಿಗೆ 15 ಇಂಚು ವೇಗದಲ್ಲಿ, ನಿಮಿಷಕ್ಕೆ 120 ಪೆಟ್ಟಿನ ಹಾಡಿಗೆ ಒಂದು ಪೆಟ್ಟು ಅಂದರೆ ಏಳೂವರೆ ಇಂಚು ಟೇಪು. ರೀಲನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ ಕಿಕ್ ಪೆಟ್ಟಿನ ಮೊದಲ ‘ಧುಪ್’ ಹುಡುಕಿ, ಪ್ಲೇಬ್ಯಾಕ್ ಹೆಡ್‌ನ ನಡುವಿಗೆ ಸರಿಯಾಗಿ ಟೇಪಿನ ಹಿಂಬದಿ ಮೇಣದ ಪೆನ್ಸಿಲಿನಿಂದ ಗುರುತು ಹಾಕಿ. ಗುರುತು ಪೆಟ್ಟಿಗಿಂತ ಒಂದು ಎಳೆ ಮುಂಚೆ ಇರಲಿ. ಎರಡನೇ ಟೇಕಿನಲ್ಲೂ ಅದೇ ಪೆಟ್ಟಿಗೆ ಗುರುತು. ಸ್ಪ್ಲೈಸಿಂಗ್ ಬ್ಲಾಕಿನಲ್ಲಿ 45 ಡಿಗ್ರಿ ಸೀಳಿನಲ್ಲಿ ಕತ್ತರಿಸಿ, ತುದಿಗಳನ್ನು ಕೂಡಿಸಿ, ಹಿಂಬದಿಯಿಂದ ಸ್ಪ್ಲೈಸಿಂಗ್ ಟೇಪ್ ಅಂಟಿಸಿ ಉಗುರಿನಿಂದ ಉಜ್ಜಿ. ನಡುವೆ ಸಂದು ಬಿದ್ದರೆ ಸದ್ದು ಒಂದು ಕ್ಷಣ ಕಂತುತ್ತದೆ. ಒಂದರ ಮೇಲೊಂದು ಹತ್ತಿದರೆ ಹೆಡ್‌ಗೆ ತಾಗಿ ಎಗರುತ್ತದೆ. ಮನೆಯ ಸೆಲ್ಲೋಟೇಪ್ ಬೇಡವೇ ಬೇಡ, ಅಂಟು ಹೊರಗೆ ಸೋರಿ ಪಕ್ಕದ ಸುತ್ತಿಗೆ ಹಿಡಿಯುತ್ತದೆ.

ಓರೆಯಾಗಿ ಕತ್ತರಿಸುವುದಕ್ಕೆ ಕಾರಣವಿದೆ. ಕಾಲಿಂಚು ಟೇಪಿನಲ್ಲಿ 45 ಡಿಗ್ರಿ ಎಂದರೆ ಒಂದು ಸದ್ದಿನಿಂದ ಇನ್ನೊಂದಕ್ಕೆ 17 ಮಿಲಿಸೆಕೆಂಡಿನಲ್ಲಿ ಜಾರಿದಂತೆ, ಕಿವಿಗೆ ಗೊತ್ತಾಗದು. ಆದರೆ ಒಂದಿಂಚಿನ ಎಂಟು ಟ್ರ್ಯಾಕ್ ಟೇಪನ್ನು ಅದೇ ಕೋನದಲ್ಲಿ ಕತ್ತರಿಸಿದರೆ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ 67 ಮಿಲಿಸೆಕೆಂಡ್ ವ್ಯತ್ಯಾಸ. ಡ್ರಮ್ಸ್ ಹೊಸ ಟೇಕಿಗೆ ಹೋಗಿರುತ್ತದೆ, ಬೇಸ್ ಇನ್ನೂ ಹಳೆಯದರಲ್ಲೇ ಇರುತ್ತದೆ. ಅಗಲ ಟೇಪಿಗೆ ಕೋನ ನೆಟ್ಟಗಿನ ಹತ್ತಿರ ಇರಲಿ.

ಬ್ಲೇಡು ಅಯಸ್ಕಾಂತ ಹಿಡಿದಿದ್ದರೆ ಪ್ರತಿ ಕೊಯ್ತದಲ್ಲೂ ‘ಟಕ್’ ಎಂದು ಕೇಳುತ್ತದೆ. ಹೆಡ್ ಡಿಮ್ಯಾಗ್ನೆಟೈಸರಿನಿಂದ ಬ್ಲೇಡನ್ನೂ ಸವರಿಬಿಡಿ.

ಫೇಮ್‌ನಲ್ಲಿ 1966ರಲ್ಲಿ ಪಿಕೆಟ್‌ನ ‘ಮಸ್ಟಾಂಗ್ ಸ್ಯಾಲಿ’ಯ ಒಳ್ಳೆಯ ಟೇಕ್ ಮುಗಿದ ಕೂಡಲೇ ಟೇಪು ರೀಲಿನಿಂದ ಹಾರಿ ಚೂರುಚೂರಾಗಿ ನೆಲಕ್ಕೆ ಬಿತ್ತು. ಅಟ್ಲಾಂಟಿಕ್‌ನ ಇಂಜಿನಿಯರ್ ಟಾಮ್ ಡೌಡ್ ಎಲ್ಲರನ್ನೂ ಅರ್ಧ ಗಂಟೆ ಹೊರಗೆ ಕಳಿಸಿ, ಚೂರುಗಳನ್ನು ಆಯ್ದು ಅಂಟಿಸಿ ಹಾಡನ್ನು ಉಳಿಸಿದ. ಈಗ ನಾವು ಕೇಳುತ್ತಿರುವುದು ಆ ಅಂಟಿಸಿದ ಟೇಪನ್ನು. ಇದನ್ನು ಪವಾಡವೆನ್ನುತ್ತಾರೆ. ನಾನು ಒಪ್ಪುವುದಿಲ್ಲ, ದಿನಾ ಬ್ಲೇಡು ಹಿಡಿದವನಿಗೆ ಅದು ಕಸುಬು.

ಪಂಚ್ ಇನ್ ಮತ್ತು ಬೌನ್ಸ್ (ಟ್ರ್ಯಾಕುಗಳನ್ನು ಇನ್ನೊಂದು ಟ್ರ್ಯಾಕಿಗೆ ಇಳಿಸುವುದು) ಬಗ್ಗೆಯೂ ಒಂದು ಎಚ್ಚರಿಕೆ. ಹಳೆಯ ಟ್ರ್ಯಾಕ್ ಕೇಳುತ್ತ ಹೊಸದನ್ನು ಸೇರಿಸುವಾಗ ರೆಕಾರ್ಡ್ ಹೆಡ್ಡಿನಿಂದಲೇ ಕೇಳಬೇಕು. ಹಾಗಾಗಿ ಮೇಲಿನ ಸ್ವರಗಳು ಮಂಕಾಗಿ ಕೇಳುತ್ತವೆ, ಗಾಬರಿ ಬೇಡ, ಟೇಪಿನಲ್ಲಿ ಸರಿಯಾಗಿಯೇ ಇರುತ್ತವೆ. ಆ ಸ್ಥಿತಿಯಲ್ಲಿ ಒಂದು ಟ್ರ್ಯಾಕನ್ನು ಪಕ್ಕದ ಟ್ರ್ಯಾಕಿಗೇ ಬೌನ್ಸ್ ಮಾಡಲು ಹೋದರೆ ಹೆಡ್ಡಿನೊಳಗೇ ಸೋರಿ ಕೂಗು ಏಳುತ್ತದೆ, ನಡುವೆ ಒಂದು ಟ್ರ್ಯಾಕ್ ಖಾಲಿ ಬಿಡಿ. ಮೂರು ಟ್ರ್ಯಾಕ್ ಒಂದಕ್ಕೆ ಇಳಿಸಿದರೆ ಹಿಸ್ ಸುಮಾರು 5 ಡೆಸಿಬೆಲ್ ಏರುತ್ತದೆ. ಎರಡು ಸಲ ಇಳಿಸಿದಮೇಲೆ ಮಳೆ ಸುರಿದಂತೆ ಕೇಳುತ್ತದೆ.

ಊದುಕೊಳವೆ

ರಾಯರೇ, ನಮ್ಮ ಕನ್ನಡ ಸಿನಿಮಾ ಹಾಡುಗಳೂ ದಶಕಗಟ್ಟಲೆ ಮದ್ರಾಸಿನಲ್ಲಿ ಹೀಗೇ ಆದದ್ದಲ್ವಾ? ಗಾಯಕರು, ಪಿಟೀಲು, ತಬಲ ಎಲ್ಲ ಒಟ್ಟಿಗೆ, ಒಬ್ಬರು ತಪ್ಪಿದರೆ ಮೊದಲಿಂದ.

ರೀಲ್_ರಾಯರು

ಒಟ್ಟಿಗೆ ನುಡಿಸುತ್ತಿದ್ದರು ಎನ್ನುವಷ್ಟು ಮಾತ್ರ ಸಾಮ್ಯ. ಅಲ್ಲಿ ಅರೇಂಜರ್ ಪ್ರತಿ ವಾದ್ಯಕ್ಕೂ ಬರೆದು ಕೊಡುತ್ತಿದ್ದರು, ಓದಿ ನುಡಿಸುವುದು ವಾದ್ಯಗಾರರ ಕೆಲಸ. ಐವತ್ತು ಜನರಿಗೆ ಹೆಡ್ ಅರೇಂಜ್‌ಮೆಂಟ್ ಸಾಧ್ಯವಿಲ್ಲ. ಶೋಲ್ಸ್ ಕ್ರಮ ನಡೆಯುವುದು ಆರೇಳು ಜನರಿಗೆ.

ರೀಡ್‌ಮನೆ

ವುರ್ಲಿಟ್ಜರ್ ಹೆಸರು ಬಂದದ್ದರಿಂದ ಬರೀತಿದ್ದೀನಿ. ಆ ಸೌಂಡಿಗಾಗಿ ಹಳೇ ಪಿಯಾನೋ ತರಿಸಿಕೊಂಡು ಹಾಳುಮಾಡೋರು ಜಾಸ್ತಿ.

ಇದರಲ್ಲಿ 64 ಮನೆ, ಪ್ರತಿ ಮನೆಗೆ ಒಂದು ಉಕ್ಕಿನ ರೀಡು, ಸುತ್ತಿಗೆ ಅದಕ್ಕೆ ಬಡಿಯುತ್ತೆ. ರೀಡಿನ ತುದಿಯಲ್ಲಿ ಸೀಸದ ಬೆಸುಗೆಯ ಒಂದು ಗುಡ್ಡೆ ಇರುತ್ತೆ, ಶ್ರುತಿ ನಿಂತಿರೋದು ಅದರ ತೂಕದ ಮೇಲೆ. ಗುಡ್ಡೆಯನ್ನ ಅರದಿಂದ ಸ್ವಲ್ಪ ಉಜ್ಜಿದರೆ ಶ್ರುತಿ ಏರುತ್ತೆ, ಬೆಸುಗೆ ಸೇರಿಸಿದರೆ ಇಳಿಯುತ್ತೆ. ಮೊದಲು ರೀಡಿನ ಸ್ಕ್ರೂ ಬಿಗಿ ಮಾಡಿ, ಆಮೇಲೆ ಶ್ರುತಿ ನೋಡಿ. ಸ್ಕ್ರೂ ಸಡಿಲ ಇದ್ದಾಗ ಉಜ್ಜಿ ಸರಿಮಾಡಿದರೆ ಬಿಗಿ ಮಾಡಿದ ತಕ್ಷಣ ಮತ್ತೆ ಹೋಗುತ್ತೆ.

ರೀಡಿಗೂ ಪಿಕಪ್ಪಿಗೂ ನಡುವೆ ಸುಮಾರು 150 ವೋಲ್ಟ್ ಡಿಸಿ ಇರುತ್ತೆ (200ಎ ಮಾದರಿಯಲ್ಲಿ ಖಂಡಿತ). ಅರ ಹಾಕಿದ ಪುಡಿ ಆ ಸಂದಿಗೆ ಬಿದ್ದರೆ ‘ಚಟ್ ಚಟ್’ ಶುರು. ಆದ್ದರಿಂದ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು, ರೀಡನ್ನ ಹೊರಗೆ ತೆಗೆದು ಉಜ್ಜಿ, ಬ್ರಶ್ಶಿನಿಂದ ಒರೆಸಿ ಹಾಕಿ. ಕೂರಿಸುವಾಗ ರೀಡು ಪಿಕಪ್ಪಿನ ಸೀಳಿನ ಸರಿ ನಡುವಿಗೆ ಇರಲಿ, ಪಕ್ಕಕ್ಕೆ ವಾಲಿದರೆ ಜೋರು ಹೊಡೆದಾಗ ತಾಗಿ ಶಾರ್ಟ್ ಆಗುತ್ತೆ. ಜೋರಾಗಿ ಬಡಿದು ನುಡಿಸೋರ ಕೈಲಿ ರೀಡು ಮುರಿಯೋದು ಸಹಜ, ಲೋಹ ದಣಿಯುತ್ತೆ. ಮುರಿಯೋ ಮುಂಚೆ ಆ ಸ್ವರ ಇದ್ದಕ್ಕಿದ್ದಂತೆ ಇಳಿಯುತ್ತೆ. ಹಾಗಾದರೆ ಟ್ಯೂನ್ ಮಾಡ್ತಾ ಕೂರಬೇಡಿ, ಬದಲಿ ರೀಡು ಹಾಕಿ.

ಕಿರುದನಿ

ಮೇಡಂ, ಹ್ಯಾಮಂಡ್ ಆರ್ಗನ್ ಬಗ್ಗೆಯೂ ಹೇಳಿ. ಅಮೆರಿಕದಿಂದ ತರಿಸಿದ ಬಿ-3ಗೆ ಟ್ರಾನ್ಸ್‌ಫಾರ್ಮರ್ ಹಾಕಿದರೂ ಶ್ರುತಿ ಕೂರಲ್ಲ ಅಂತಾರಲ್ಲ?

ರೀಡ್‌ಮನೆ

ಕೂರೋದೇ ಇಲ್ಲ, ಯಾಕಂದರೆ ಟ್ರಾನ್ಸ್‌ಫಾರ್ಮರ್ ಬದಲಿಸೋದು ವೋಲ್ಟೇಜ್ ಮಾತ್ರ. ಹ್ಯಾಮಂಡಿನ ಟೋನ್‌ವೀಲ್ (ಸ್ವರ ಹುಟ್ಟಿಸುವ ಚಕ್ರಗಳು) ತಿರುಗಿಸೋದು ಸಿಂಕ್ರೊನಸ್ ಮೋಟಾರ್, ಅದರ ವೇಗ ಕರೆಂಟಿನ ಫ್ರೀಕ್ವೆನ್ಸಿಗೆ ಕಟ್ಟುಬಿದ್ದಿದೆ. ಅಲ್ಲಿ 60 ಹರ್ಟ್ಜ್, ನಮ್ಮಲ್ಲಿ 50. ಆರರಲ್ಲಿ ಒಂದು ಪಾಲು ನಿಧಾನ ಆದರೆ ಶ್ರುತಿ ಮೂರು ಮನೆಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತೆ. ಸಿ ಒತ್ತಿದರೆ ಕೇಳೋದು ಎ, ಅದೂ ಸರಿಯಾದ ಎ ಅಲ್ಲ, ಅದಕ್ಕಿಂತ 16 ಸೆಂಟ್ ಕೆಳಗೆ. ಹಾಗಾಗಿ ಮನೆ ತಿರುಗಿಸಿ ನುಡಿಸಿದರೂ ಉಳಿದವರ ಜೊತೆ ಸೇರಲ್ಲ. ಲೆಸ್ಲಿಯ (ಆರ್ಗನ್ನಿನ ಜೊತೆಗಿನ ತಿರುಗುವ ಸ್ಪೀಕರ್) ಮೋಟಾರೂ ನಿಧಾನವಾಗುತ್ತೆ.

ದಾರಿ ಎರಡು. ಇಡೀ ಆರ್ಗನ್ನಿಗೆ 120 ವೋಲ್ಟ್ 60 ಹರ್ಟ್ಜ್ ಶುದ್ಧ ಸೈನ್ ಕೊಡುವ ಕನ್ವರ್ಟರ್. ಅಥವಾ ಮೋಟಾರ್‌ಗಳಿಗೆ ಮಾತ್ರ ಸಣ್ಣ 60 ಹರ್ಟ್ಜ್ ಕನ್ವರ್ಟರ್, ಆಂಪ್ಲಿಫೈಯರಿಗೆ ಮಾಮೂಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಎರಡನೆಯದು ಅಗ್ಗ, ಆದರೆ ವೈರಿಂಗ್ ಬೇರ್ಪಡಿಸೋಕೆ ತಿಳಿದವರೇ ಬೇಕು. 60ಕ್ಕೆ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗುತ್ತೆ, ಅದನ್ನೂ ಗಮನಿಸಬೇಕು. ಚೌಕ ಅಲೆಯ ಅಗ್ಗದ ಇನ್ವರ್ಟರ್ ಹಾಕಿದರೆ ಮೋಟಾರ್ ಗುರ್ ಅನ್ನುತ್ತೆ, ಅದು ಆಂಪ್ಲಿಫೈಯರಿಗೂ ನುಗ್ಗುತ್ತೆ.

ಶುರು ಮಾಡೋದು: ‘ಸ್ಟಾರ್ಟ್’ ಸ್ವಿಚ್ ಎಂಟು ಸೆಕೆಂಡ್ ಹಿಡಿದಿಡಿ, ಬಿಡದೆ ‘ರನ್’ ಹಾಕಿ, ಇನ್ನೊಂದು ನಾಲ್ಕು ಸೆಕೆಂಡ್ ಆದಮೇಲೆ ಸ್ಟಾರ್ಟ್ ಬಿಡಿ. ವರ್ಷಕ್ಕೊಮ್ಮೆ ಹ್ಯಾಮಂಡ್ ಎಣ್ಣೆಯೇ ಹಾಕಬೇಕು. ಹೊಲಿಗೆ ಮಿಷನ್ ಎಣ್ಣೆ ಹಾಕಿದರೆ ಒಳಗಿನ ದಾರದ ಬತ್ತಿಗಳು ಕಾಲಕ್ರಮೇಣ ಅಂಟುಗಟ್ಟುತ್ತವೆ.

ಹಳೇ_ತಟ್ಟೆ

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ಅದಿಲ್ಲದೆ ಸ್ವಾಂಪರ್ಸ್ ಯಾಕೆ ಹೊರಬಂದರು ಅರ್ಥವಾಗಲ್ಲ. ಸೆಷನ್ ವಾದ್ಯಗಾರನಿಗೆ ಯೂನಿಯನ್ ದರದಲ್ಲಿ ಮೂರು ಗಂಟೆ ಲೆಕ್ಕ, ಸೆಷನ್ ಲೀಡರ್‌ಗೆ ಎರಡರಷ್ಟು. ಹಾಡು ಲಕ್ಷಗಟ್ಟಲೆ ಮಾರಾಟವಾದರೂ ಅವನಿಗೆ ಆ ಮೂರು ಗಂಟೆಯ ಕೂಲಿಯೇ. ಲಾಭ ಇರೋದು ಪಬ್ಲಿಷಿಂಗ್‌ನಲ್ಲಿ (ಹಾಡಿನ ಹಕ್ಕು), ಸ್ಟುಡಿಯೋ ಬಾಡಿಗೆಯಲ್ಲಿ, ನಿರ್ಮಾಪಕನ ಪಾಲಿನಲ್ಲಿ. ಮೂರೂ ರಿಕ್ ಹಾಲ್ ಕೈಲಿತ್ತು. ಆತ ಕ್ಯಾಪಿಟಲ್ ರೆಕಾರ್ಡ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಇವರನ್ನ ತನಗೊಬ್ಬನಿಗೇ ಕಟ್ಟಿಕೊಳ್ಳೋಕೆ ನೋಡಿದಾಗ ಎದ್ದು ಹೋದರು.

ಹೋದಮೇಲೂ ಫೇಮ್ ನಿಲ್ಲಲಿಲ್ಲ. ಮೂರನೇ ತಂಡದ ಜೊತೆ 1970ರಲ್ಲಿ ಕ್ಲಾರೆನ್ಸ್ ಕಾರ್ಟರ್‌ನ ‘ಪ್ಯಾಚಸ್’, ಆಸ್ಮಂಡ್ಸ್‌ನ ‘ಒನ್ ಬ್ಯಾಡ್ ಆ್ಯಪಲ್’. ಸ್ವಾಂಪರ್ಸ್ 1978ರಲ್ಲಿ ಅಲಬಾಮಾ ಅವೆನ್ಯೂ 1000ಕ್ಕೆ, ನದಿ ದಡದ ದೊಡ್ಡ ಕಟ್ಟಡಕ್ಕೆ ಹೋದರು. ಬಾಬ್ ಡಿಲನ್ 1979ರಲ್ಲಿ ಬಂದಿದ್ದು ಅಲ್ಲಿಗೆ. 1985ರಲ್ಲಿ ಅದನ್ನ ಮಲಾಕೊ ರೆಕಾರ್ಡ್ ಕಂಪನಿಗೆ ಮಾರಿದರು. ಜಾಕ್ಸನ್ ಹೈವೇ ಕಟ್ಟಡ ದುರಸ್ತಿಯಾಗಿ 2017ರಲ್ಲಿ ತೆರೆದಿದೆ, ನೋಡೋಕೂ ಬಿಡ್ತಾರೆ, ರೆಕಾರ್ಡಿಂಗೂ ನಡೆಯುತ್ತೆ. ಬೆಕೆಟ್ 2009ರಲ್ಲಿ, ರಿಕ್ ಹಾಲ್ 2018ರಲ್ಲಿ, ಜಾನ್ಸನ್ 2019ರಲ್ಲಿ, ಹಾಕಿನ್ಸ್ 2021ರಲ್ಲಿ ತೀರಿಕೊಂಡರು.

ತೆಂಕುತಿಟ್ಟು_ಡ್ರಮ್ಮರ್

ಹಾಗಾದರೆ ನೀವು ಮೇಲೆ ಹೇಳಿದ್ದಕ್ಕೆ ಇದು ಅಡ್ಡ ಆಗ್ತದಲ್ಲ ಹಳೇತಟ್ಟೆಯವರೇ? ಕೋಣೆ ಮುಖ್ಯ ಅಲ್ಲ, ಜನ ಮುಖ್ಯ ಅಂದ್ರಿ. ಜನ ಹೋದಮೇಲೂ ಅದೇ ಕೋಣೆಯಲ್ಲಿ ಹಾಡು ಗೆದ್ದಿತಲ್ಲ.

ಹಳೇ_ತಟ್ಟೆ

ಗೆದ್ದಿತು, ಆದರೆ ಸೌಂಡು ಬೇರೆ. ‘ಒನ್ ಬ್ಯಾಡ್ ಆ್ಯಪಲ್’ ಹಾಕಿ, ಪಕ್ಕದಲ್ಲಿ ‘ಐ’ಲ್ ಟೇಕ್ ಯು ದೇರ್’ ಹಾಕಿ. ಮೊದಲನೆಯದು ಪೂರ್ತಿ ಪಾಪ್, ಎಲ್ಲ ಜಾಗ ತುಂಬಿದೆ. ಫೇಮ್‌ನಲ್ಲಿ ಬದಲಾಗದೆ ಉಳಿದವನು ರಿಕ್ ಹಾಲ್. ಹಾಡು ಆರಿಸುವ ಕಿವಿ ಅವನದು, ಗೆದ್ದಿದ್ದು ಅದು.

ಹುಬ್ಳಿ_ಬೇಸ್

ನಾ ಒಪ್ಪಂಗಿಲ್ಲ, ಆ ಕೋಣಿಯ ತಳಾನೂ ಕೇಳ್ತದ ನೋಡ್ರಿ. ಇರ್ಲಿ, ಇದಕ್ಕ ಬ್ಯಾರೆ ಎಳಿ ಬೇಕು.

ಕಿರುದನಿ ಅವ್ರ, ಮಾಡಿ ನೋಡೂದಿದ್ರ ಹಿಂಗ ಮಾಡ್ರಿ: ಸಾಫ್ಟ್‌ವೇರ್‌ನ್ಯಾಗ ನಾಕ ಟ್ರ್ಯಾಕ್ ತೆರೀರಿ, ಐದನೇದು ಬ್ಯಾಡ. ಡ್ರಮ್ಸ್ ಬೇಸ್ ಮಿಕ್ಸರ್‌ನ್ಯಾಗ ಕೂಡಿಸಿ ಒಂದಕ್ಕ ಕಳಸ್ರಿ. ಕ್ಲಿಕ್ ಬಂದ್. ಮೂರ ಟೇಕ್ ತಗೋರಿ, ನಡುವ ಎಲ್ಲಾರೂ ಒಳಗ ಬಂದು ಕೇಳ್ರಿ. ಮೂರನೇದ್ರಾಗೂ ಬೇಸ್ ಕೇಳವಲ್ದು ಅಂದ್ರ ನಾಬ್ ಮುಟ್ಟಬ್ಯಾಡ್ರಿ, ಕಿಕ್ ಬಾರಸಾವ್ಗ ಸ್ವಲ್ಪ ಮೆಲ್ಲ ಅಂತ ಹೇಳ್ರಿ.

ರೀಲ್_ರಾಯರು

ಟ್ರ್ಯಾಕ್ ಶೀಟ್ ಬರೆಯುವುದನ್ನು ಮರೆಯಬೇಡಿ. ಹಾಡಿನ ಹೆಸರು, ಟೇಕ್ ಸಂಖ್ಯೆ, ಶ್ರುತಿ, ವೇಗ, ಯಾವ ಟ್ರ್ಯಾಕಿನಲ್ಲಿ ಏನು. ತಪ್ಪು ಶುರುವಿಗೆ ‘ತ.ಶು.’ ಎಂದು, ಪೂರ್ತಿ ಟೇಕಿಗೆ ಒಂದು ಸುತ್ತು. ಟೇಕ್ ಸಂಖ್ಯೆಯನ್ನು ಬಾಯಲ್ಲಿ ಹೇಳಿಯೂ ರೆಕಾರ್ಡ್ ಮಾಡಿ.